ಇಂದಿನ ಧಮ್ಮ ಚಿಂತನೆ: ಒಂಟಿ ನಡಿಗೆ, ಜೊತೆ ನಡಿಗೆ



ಆರು ವರ್ಷ ನಾನು ನಮ್ಮೂರಿನ ಒಂದು ಚಾರಣ ಬಳಗದಲ್ಲಿದ್ದೆ. ತಿಂಗಳಿಗೊಂದು ಭಾನುವಾರ ಬೆಳಗಿನ ಜಾವ ಬಸ್ ಸ್ಟ್ಯಾಂಡಿನಲ್ಲಿ ಸೇರುವುದು, ಯಾವುದಾದರೂ ಬೆಟ್ಟ ಹತ್ತುವುದು, ಸಂಜೆಗೆ ಮರಳುವುದು. ಮೊದಲ ವರ್ಷ ಶನಿವಾರ ರಾತ್ರಿ ಖುಷಿಗೆ ನಿದ್ದೆಯೇ ಬರುತ್ತಿರಲಿಲ್ಲ. ಕಳೆದ ವರ್ಷ ಬಳಗದ ಮೆಸೇಜ್ ಬಂದರೆ ತೆರೆದು ನೋಡಲೂ ಮನಸ್ಸಾಗುತ್ತಿರಲಿಲ್ಲ.

ಯಾಕೆ ಹೀಗಾಯಿತು? ಎಲ್ಲರಿಗೂ ತುದಿ ಮುಟ್ಟುವ ಅವಸರ, ಫೋಟೋದ ಅವಸರ. ಇದು ಒಂದು ಕಾರಣ. ಇನ್ನೊಂದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಬುತ್ತಿ ಬಿಚ್ಚುವ ಹೊತ್ತಿಗೆ ಸಾಲು ತಾನಾಗಿಯೇ ಎರಡಾಗುತ್ತಿತ್ತು. ಎದ್ದು ಹೋಗಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ನಾನು ತಂದ ಪಲ್ಯ ಮಾತ್ರ ಡಬ್ಬಿಯಲ್ಲಿ ಹಾಗೇ ಉಳಿದು ಮನೆಗೆ ವಾಪಸ್ ಬರುತ್ತಿತ್ತು.

ಮಂಡಿ ನೋವೆಂದು ಹೇಳಿ ಬಿಟ್ಟುಬಿಟ್ಟೆ. ಒಬ್ಬನೇ ತಿರುಗಲು ಶುರು ಮಾಡಿದೆ. ಮೊದಲು ಹೋಗಿದ್ದು ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅಶೋಕನ ಶಾಸನವನ್ನು ಗುರುತಿಸಿದ ಜಾಗ ಅದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಎತ್ತರಕ್ಕೆ ಏರಬಲ್ಲರು ಎಂಬ ಅರ್ಥದ ಮಾತು ಅದರಲ್ಲಿದೆ. ನಮ್ಮ ನೆಲದ ಬಂಡೆಯ ಮೇಲೇ ಆ ಮಾತಿದೆ ಎಂದುಕೊಂಡಾಗ ಎದೆ ತುಂಬಿ ಬಂತು.

ಆದರೆ ಇಳಿಯುವಾಗ ಒಂದು ಸಂಗತಿ ಗಮನಕ್ಕೆ ಬಂತು. ದಾರಿಯುದ್ದಕ್ಕೂ ನಾನು ಆ ಊಟದ ಸಾಲಿನವರ ಜೊತೆ ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ. ಬೆಟ್ಟದಲ್ಲಿ ನಾನೊಬ್ಬನೇ, ತಲೆಯೊಳಗೆ ಇಡೀ ಬಳಗ!

ಆಗ ಮೇಘಿಯ ನೆನಪಾದ. ಉದಾನದಲ್ಲಿ ಬರುವ ಕಥೆ. ಮೇಘಿಯ ಭಗವಾನ್ ಬುದ್ಧರ ಸೇವೆಯಲ್ಲಿದ್ದ ಭಿಕ್ಕು. ನದಿ ದಂಡೆಯ ಮಾವಿನ ತೋಪು ನೋಡಿ, ಅಲ್ಲಿ ಒಬ್ಬನೇ ಕೂತು ಸಾಧನೆ ಮಾಡುತ್ತೇನೆ ಎಂದ. ಇನ್ನೊಬ್ಬ ಭಿಕ್ಕು ಬರಲಿ, ಅಲ್ಲಿಯವರೆಗೆ ತಾಳು ಎಂದರು ಬುದ್ಧರು. ಮೂರನೇ ಸಲ ಕೇಳಿದಾಗ ಹೋಗಗೊಟ್ಟರು. ತೋಪಿನಲ್ಲಿ ಅವನಿಗೆ ಬಂದದ್ದು ಕಾಮದ, ದ್ವೇಷದ, ಹಿಂಸೆಯ ಯೋಚನೆಗಳೇ. ಮರಳಿ ಬಂದಾಗ ಬುದ್ಧರು ಮನಸ್ಸು ಪಕ್ವವಾಗಲು ಐದು ಸಂಗತಿ ಬೇಕೆಂದರು. ಅದರಲ್ಲಿ ಮೊದಲನೆಯದು ಕಲ್ಯಾಣಮಿತ್ರ.

ಹಾಗಾದರೆ ಗುಂಪು ಬಿಡುವುದೇ ತಪ್ಪೇ? ಅಲ್ಲ. ಕೋಸಂಬಿಯ ಭಿಕ್ಕುಗಳು ಜಗಳ ನಿಲ್ಲಿಸದಿದ್ದಾಗ ಬುದ್ಧರೂ ಅವರನ್ನು ಬಿಟ್ಟು ಪಾರಿಲೇಯ್ಯಕದ ಕಾಡಿನಲ್ಲಿ ಒಬ್ಬರೇ ಇದ್ದರು. ಆದರೆ ಹೊರಡುವ ಮೊದಲು, ಜಗಳ ಬೇಡವೆಂದು ಅವರಿಗೆ ನೇರವಾಗಿ ಹೇಳಿದ್ದರು. ನಾನು ಏನು ಹೇಳಿದ್ದೆ? ಮಂಡಿ ನೋವು. ದಿನಾ ಬೆಳಿಗ್ಗೆ ಪಂಚಶೀಲ ಹೇಳುವ ಬಾಯಿಂದ ಮುಸಾವಾದ.

ಇನ್ನೂ ಒಂದಿದೆ. ನಮ್ಮ ಕೇರಿಯ ಒಬ್ಬ ಹುಡುಗನನ್ನು, ನನ್ನ ಹಳೆಯ ವಿದ್ಯಾರ್ಥಿಯನ್ನು, ಆ ಬಳಗಕ್ಕೆ ಸೇರಿಸಿದವನು ನಾನೇ. ಈಗ ಆ ಸಾಲಿನಲ್ಲಿ ಅವನನ್ನು ಒಂಟಿ ಮಾಡಿ ಬಂದಿದ್ದೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಸಾಲಾಗಿ ನಡೆದು ಹೋದರು. ಕರೆತಂದವರನ್ನು ಕೆರೆಯ ದಂಡೆಯಲ್ಲಿ ಬಿಟ್ಟು ಬರಲಿಲ್ಲ.

ಮೊನ್ನೆ ಆ ಹುಡುಗನಿಗೆ ಫೋನ್ ಮಾಡಿ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ನನಗೂ ಊಟದ ಹೊತ್ತಲ್ಲಿ ಹಂಗೇ ಅನ್ನಿಸ್ತಿತ್ತು ಸರ್. ನಿಮಗೆ ಏನೂ ಅನ್ನಿಸ್ತಿಲ್ಲವೇನೋ ಅಂತ ನಾನೂ ಸುಮ್ಮನಿದ್ದೆ."

ಒಂದೇ ಸಾಲಿನಲ್ಲಿ ಕೂತು ಇಬ್ಬರೂ ಒಂಟಿಯಾಗಿದ್ದೆವು.

ಬಳಗದ ಸಂಚಾಲಕರಿಗೂ ನಿಜವಾದ ಕಾರಣ ಬರೆದು ಕಳಿಸಿದೆ, ಸಿಟ್ಟಿಲ್ಲದೆ. ಉತ್ತರ ಇನ್ನೂ ಬಂದಿಲ್ಲ. ಹುಡುಗ ಬಳಗ ಬಿಡುವುದಿಲ್ಲವಂತೆ, ಇದ್ದುಕೊಂಡೇ ಕೇಳುತ್ತಾನಂತೆ. ಅದು ಅವನ ತೀರ್ಮಾನ, ಅವನ ಧೈರ್ಯ. ನಾನು ಒಂಟಿಯಾಗಿ ನಡೆಯುವುದನ್ನೂ ಬಿಡುವುದಿಲ್ಲ, ಅದು ನನಗೆ ಇಷ್ಟ. ಆದರೆ ಬರುವ ಭಾನುವಾರ ನಾವಿಬ್ಬರೂ ಬ್ರಹ್ಮಗಿರಿಗೆ. ಬುತ್ತಿ ಒಂದೇ.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಸುಮ್ಮನೆ ಕೂತು ಕೇಳಿಕೊಳ್ಳೋಣ. ನಾನು ಬಿಟ್ಟು ಬಂದ ಜಾಗಕ್ಕೆ ನಿಜವಾದ ಕಾರಣ ಹೇಳಿ ಬಂದೆನೇ? ಅಲ್ಲಿಂದ ದ್ವೇಷವನ್ನು ಹೊತ್ತು ತಂದೆನೇ? ಅಲ್ಲಿ ಯಾರನ್ನಾದರೂ ಒಂಟಿ ಮಾಡಿದೆನೇ? ಮೂರನೆಯದಕ್ಕೆ ಹೆಸರೊಂದು ನೆನಪಾದರೆ, ಇವತ್ತೇ ಅವರಿಗೊಂದು ಫೋನ್ ಮಾಡೋಣ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.