ಮರೆಯೂ ಅಳಿವೂ

ಬೆಳೆಯುವ ಮಗುವಿಗೆ ಲಂಗವನ್ನು ಹೊಲಿಯುವ ದರ್ಜಿಯು ಉದ್ದವಾದ ಬಟ್ಟೆಯನ್ನು ಕತ್ತರಿಸಿಬಿಡುವುದಿಲ್ಲ. ಒಳಕ್ಕೆ ಮಡಿಚಿ ಹೊಲಿಗೆ ಹಾಕುತ್ತಾನೆ. ನೋಡುವವರ ಕಣ್ಣಿಗೆ ಲಂಗವು ಅಳತೆಗೆ ಸರಿಯಾಗಿದೆ. ಆದರೆ ಬಟ್ಟೆಯು ನಷ್ಟವಾಗಿಲ್ಲ. ಮರೆಮಾಡುವುದಕ್ಕೂ ಇಲ್ಲದಂತೆ ಮಾಡುವುದಕ್ಕೂ ಇರುವ ಈ ಅಂತರವು, ಗಣಕಯಂತ್ರದಲ್ಲಿ ಚಿತ್ರಗಳನ್ನು ಸಿದ್ಧಪಡಿಸುವವರಿಗೆ ಒಂದು ನೀತಿಪ್ರಶ್ನೆಯೇ ಆಗಿದೆ.

2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಎಂಬ ತಂತ್ರಾಂಶವು, ರೇಖೆಗಳನ್ನು ಗಣಿತದ ನಿರೂಪಣೆಯಾಗಿ ಬರೆದಿಡುವ ವೆಕ್ಟರ್ ಪದ್ಧತಿಗೆ ಸೇರಿದುದು. ಅದರಲ್ಲಿ ಛಾಯಾಚಿತ್ರವೊಂದರ ಅಂಚನ್ನು ತೆಗೆಯಬೇಕಾದರೆ ಚಿತ್ರದ ಮೇಲೆ ಒಂದು ಚೌಕವನ್ನೋ ವೃತ್ತವನ್ನೋ ಎಳೆದು, ಎರಡನ್ನೂ ಆಯ್ದು, 'ಕ್ಲಿಪ್' ಎಂಬ ಆಜ್ಞೆಯನ್ನು ಕೊಡುವುದು ವಾಡಿಕೆ. ಆಕೃತಿಯ ಹೊರಗಿನ ಭಾಗವು ಆ ಕ್ಷಣವೇ ಕಣ್ಮರೆಯಾಗುತ್ತದೆ. ಆದರೆ ಅಲ್ಲಿ ಏನೂ ಕತ್ತರಿಸಿಹೋಗಿಲ್ಲ. ಚಿತ್ರವನ್ನು ಕಡತದೊಳಗೆ ಅಡಕಮಾಡಿದ್ದಲ್ಲಿ ಅದು ಇಡಿಯಾಗಿ ಅಲ್ಲಿಯೇ ಇರುತ್ತದೆ. ಕಡತದ ಗಾತ್ರವೂ ತಗ್ಗುವುದಿಲ್ಲ. ಕ್ಲಿಪ್ಪನ್ನು ಬಿಡಿಸಿದೊಡನೆ ಮರೆಯಾದುದೆಲ್ಲವೂ ಮರಳಿ ಬರುತ್ತದೆ.

ಒಂದು ದೃಷ್ಟಿಯಿಂದ ಇದು ಗುಣವೇ ಸರಿ. ಇಂದು ಬೇಡವೆನಿಸಿದ ಅಂಚು ನಾಳೆ ಬೇಕೆನಿಸಬಹುದು. ತಪ್ಪನ್ನು ತಿದ್ದಿಕೊಳ್ಳಲು ಎಡೆಗೊಡುವ ಉಪಕರಣವು ವಿವೇಕಕ್ಕೆ ಸಹಾಯಕವಾದುದು.

ಆದರೆ ಮರೆಮಾಡಿದುದು ಅಂದಕ್ಕಾಗಿಯಲ್ಲದೆ ಮತ್ತೊಬ್ಬರ ಹಿತಕ್ಕಾಗಿ ಆಗಿದ್ದರೆ? ಶಾಲೆಯ ಸಂಚಿಕೆಗೆ ಬಹುಮಾನ ಪಡೆದ ಹುಡುಗಿಯ ಚಿತ್ರವು ಬೇಕಾಗಿದೆಯೆಂದೂ, ಪಕ್ಕದಲ್ಲಿ ನಿಂತ ಮಗುವಿನ ಮುಖವನ್ನು ಯಾರಿಗೂ ಕೊಡಬಾರದೆಂದು ಅದರ ತಾಯಿಯು ಕೇಳಿಕೊಂಡಿದ್ದಾಳೆಂದೂ ಭಾವಿಸಬಹುದು. ಚಿತ್ರಕಾರನು ಒಪ್ಪಿ, ಆ ಮಗುವನ್ನು ಮರೆಮಾಡಿ, ಕಡತವನ್ನೇ ಹತ್ತು ಮಂದಿಗೆ ಕಳುಹಿಸುತ್ತಾನೆ. ಕೊಟ್ಟ ಮಾತನ್ನು ನಡೆಸಿದೆನೆಂದು ಅವನ ನಂಬುಗೆ. ಆದರೆ ಮಗುವಿನ ಮುಖವು ಹತ್ತು ಮನೆಗಳನ್ನು ಸೇರಿದೆ. ಕೆಟ್ಟ ಉದ್ದೇಶವಿರಲಿಲ್ಲವೆಂಬ ಸಮಾಧಾನವು ಅವನ ಅಂತಃಕರಣಕ್ಕೆ ಸಾಕಾದೀತು. ಆ ತಾಯಿಗೆ ಸಾಲದು. ಅವಳು ಬೇಡಿದುದು ಮಗುವಿನ ರಕ್ಷಣೆಯನ್ನು.

ಪರಿಹಾರವು ಕಠಿನವಲ್ಲ. ಕಾಣುವ ಭಾಗವನ್ನಷ್ಟೇ ಪಿಎನ್‌ಜಿ ರೂಪದ ಬೇರೊಂದು ಚಿತ್ರವಾಗಿ ಹೊರತೆಗೆದು ಅದನ್ನು ಕಳುಹಿಸಿದರೆ, ಮರೆಯಲ್ಲಿದ್ದುದು ಜೊತೆಯಲ್ಲಿ ಹೋಗುವುದಿಲ್ಲ. ಆದುದರಿಂದ, ತನ್ನ ಅಭಿರುಚಿಗಾಗಿ ಮರೆಮಾಡುವವನು ದರ್ಜಿಯಂತೆ ಮಡಿಚಿಟ್ಟುಕೊಳ್ಳಲಿ; ಪರರಿಗೆ ಮಾತು ಕೊಟ್ಟವನು ನಿಜವಾಗಿಯೂ ಕತ್ತರಿಸಲಿ. ಉಪಕರಣದ ಒಳಗುಟ್ಟನ್ನು ಅರಿಯುವುದು ಕೇವಲ ಕೈಕುಶಲದ ವಿಷಯವೆಂದು ತೋರಬಹುದು. ಪರರ ಮಾನವು ಅದನ್ನು ಅವಲಂಬಿಸಿರುವಾಗ ಆ ಅರಿವು ಕರ್ತವ್ಯವೂ ಆಗುತ್ತದೆ.