ಪರಿಹಾರವೋ ಋಣವೋ?

ನಮ್ಮ ಭಾಷೆಯಲ್ಲಿ ‘ಪರಿಹಾರ’ ಎಂಬ ಮಾತು ಬಹಳ ಕೆಲಸ ಮಾಡುತ್ತದೆ. ಜಾತಕದಲ್ಲಿ ದೋಷವಿದ್ದರೆ ಜೋಯಿಸರು ಹೇಳುವುದು ಪರಿಹಾರ. ತೊಡಕಿನ ಪ್ರಶ್ನೆಗೆ ಉತ್ತರ ದೊರೆತರೆ ಅದೂ ಪರಿಹಾರ. ನಾಲೆಗೆ ಜಮೀನು ಹೋದವನಿಗೆ ಸರ್ಕಾರ ಕೊಡುವುದು ಪರಿಹಾರ. ನೆರೆಯಲ್ಲಿ ಮನೆ ಕಳೆದುಕೊಂಡವನಿಗೆ ನಾವು ಚಂದಾ ಎತ್ತಿ ಕಳುಹಿಸುವುದೂ ಪರಿಹಾರವೇ. ಕೊನೆಯ ಎರಡನ್ನು ಒಂದೇ ಹೆಸರಿನಿಂದ ಕರೆಯುವುದು ಸರಿಯೆ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಜಮೀನು ಹೋದವನು ತನಗೆ ಸಲ್ಲಬೇಕಾದದ್ದನ್ನು ಕೇಳುತ್ತಾನೆ. ಕಡಿಮೆಯಾದರೆ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ. ನೆರೆಯಲ್ಲಿ ನೊಂದವನು ಬಂದಷ್ಟನ್ನು ತೆಗೆದುಕೊಂಡು ಕೈಮುಗಿಯಬೇಕು. ಅವನಿಗೆ ಹಳೆಯ ಕಂಬಳಿ ಬಂದರೂ ಬೇಡವೆನ್ನುವ ಹಾಗಿಲ್ಲ. ಮೊದಲನೆಯದು ಋಣ ತೀರಿಸುವ ಕ್ರಮ, ಎರಡನೆಯದು ದಾನ. ಒಂದು ದೊಡ್ಡ ಆಪತ್ತು ಬಂದು ಒಂದು ನಾಡಿನ ಆಸ್ಪತ್ರೆಗಳೆಲ್ಲ ನೆಲಕಚ್ಚಿದವೆನ್ನೋಣ. ಅವನ್ನು ಮತ್ತೆ ಕಟ್ಟಿ ನಿಲ್ಲಿಸುವ ಕಾರ್ಯ ಇವೆರಡರಲ್ಲಿ ಯಾವ ಜಾತಿಗೆ ಸೇರಿದ್ದು?

2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಮಿ ನಡುಗಿತು. ಸತ್ತವರ ಅಂದಾಜು ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಓಡಾಡುತ್ತದೆ. ಎಣಿಸುವವರೇ ದಿಕ್ಕೆಟ್ಟ ನಾಡಿನಲ್ಲಿ ಇದು ಆಶ್ಚರ್ಯವಲ್ಲ. ರಾಜಧಾನಿಯಲ್ಲಿ ಆರೋಗ್ಯ ಇಲಾಖೆಯ ಕಟ್ಟಡವೇ ಬಿತ್ತು. ದಾದಿಯರ ರಾಷ್ಟ್ರೀಯ ಶಾಲೆ ಒಳಗಿದ್ದ ವಿದ್ಯಾರ್ಥಿನಿಯರ ಮೇಲೆ ಕುಸಿಯಿತು. ಎಂದರೆ ಆಸ್ಪತ್ರೆಗಳ ಜೊತೆಗೆ ಅವನ್ನು ನಡೆಸುವವರ ಕಚೇರಿ, ಮುಂದೆ ನಡೆಸಬೇಕಾಗಿದ್ದವರ ಪಾಠಶಾಲೆ, ಎಲ್ಲವೂ ಒಂದು ನಿಮಿಷದೊಳಗೆ ಹೋದವು. ಲೋಕವೇನೂ ಕೈಕಟ್ಟಿ ಕುಳಿತಿರಲಿಲ್ಲ. ವಿಮಾನಗಳಲ್ಲಿ ವೈದ್ಯರು ಬಂದರು, ಔಷಧ ಬಂತು, ಡೇರೆಗಳು ಎದ್ದವು; ಎಷ್ಟೋ ಜೀವಗಳು ಉಳಿದವು. ಆದರೆ ತುರ್ತು ನೆರವಿಗೆಂದು ಹೊರದೇಶಗಳು ಕೊಟ್ಟ ಹಣದಲ್ಲಿ ಹೈಟಿಯ ಸರ್ಕಾರದ ಕೈಗೆ ಸೇರಿದ್ದು ನೂರಕ್ಕೆ ಸುಮಾರು ಒಂದು ಪಾಲು. ಉಳಿದದ್ದು ಕೊಟ್ಟವರ ಸಂಸ್ಥೆಗಳ ಮೂಲಕವೇ ಖರ್ಚಾಯಿತು. ಆ ಸರ್ಕಾರ ದುರ್ಬಲ, ಅಲ್ಲಿ ಲಂಚಕೋರತನವಿದೆ ಎಂಬುದು ಅವರ ಸಮಾಧಾನ. ಇರಬಹುದು. ಆದರೆ ಕೆಲಸವೇ ಕೊಡದೆ ಬದಿಗೆ ಸರಿಸಿದರೆ ದುರ್ಬಲನಾದವನಿಗೆ ಬಲ ಬರುವುದಾದರೂ ಹೇಗೆ?

ಅಲ್ಲಿ ನಡೆದ ಇನ್ನೊಂದು ಸಂಗತಿಯಿದೆ. ರಾಜಧಾನಿಯಲ್ಲಿ ಬೀಳದೆ ನಿಂತಿದ್ದ ಖಾಸಗಿ ಆಸ್ಪತ್ರೆಯೊಂದು ಗಾಯಾಳುಗಳಿಗೆ ಹಣ ಕೇಳದೆ ಚಿಕಿತ್ಸೆ ಕೊಟ್ಟಿತು. ಕೆಲವೇ ತಿಂಗಳಲ್ಲಿ ಅದು ಬಾಗಿಲು ಹಾಕಿತು. ಸುತ್ತಲೂ ಪರದೇಶದವರ ಡೇರೆಗಳಲ್ಲಿ ಔಷಧ ಪುಕ್ಕಟೆ ಸಿಗುತ್ತಿರುವಾಗ ಹಣ ಕೊಟ್ಟು ಬರುವವರು ಯಾರು? ವೈದ್ಯರಿಗೂ ದಾದಿಯರಿಗೂ ಸಂಬಳ ಹುಟ್ಟಲಿಲ್ಲ. ಭೂಕಂಪಕ್ಕೆ ಬೀಳದೆ ಉಳಿದದ್ದು ಔದಾರ್ಯದ ಭಾರಕ್ಕೆ ಬಿತ್ತು. ದಾನಿಗಳನ್ನು ಹಳಿಯಲು ನಾನು ಇದನ್ನು ಹೇಳುತ್ತಿಲ್ಲ. ಅವರು ಬಾರದಿದ್ದರೆ ಇನ್ನೂ ಅನ್ಯಾಯವಾಗುತ್ತಿತ್ತು. ಆದರೆ ದಾನಕ್ಕೆ ಒಂದು ಸ್ವಭಾವವಿದೆ. ಯಾವಾಗ ಬರಬೇಕು, ಏನು ತರಬೇಕು, ಯಾವಾಗ ಹೊರಟುಹೋಗಬೇಕು, ಇವನ್ನೆಲ್ಲ ಕೊಡುವವನೇ ನಿರ್ಧರಿಸುತ್ತಾನೆ. ಆರೋಗ್ಯವನ್ನು ಕಾಯುವ ಕೆಲಸ ಅಂಥ ಕಾಲಗಣನೆಗೆ ಒಗ್ಗುವುದಿಲ್ಲ. ಹೆರಿಗೆಯೂ ಜ್ವರವೂ ಮುಹೂರ್ತ ಕೇಳಿ ಬರುವುದಿಲ್ಲವಲ್ಲ!

ಹೈಟಿ ದೂರವಾಯಿತು ಎನ್ನುವ ವಾಚಕರಿದ್ದರೆ ಮಂಡ್ಯಕ್ಕೆ ಬರೋಣ. ಇಲ್ಲಿ ಭೂಮಿ ನಡುಗಲಿಲ್ಲ, ನೀರು ಬಂತು. 1911ರಲ್ಲಿ ಕನ್ನಂಬಾಡಿಯಲ್ಲಿ ಆರಂಭವಾದ ಕಟ್ಟೆಯ ಕೆಲಸ ಮುಗಿದು, ಆಗ ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆ 1930ರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯಿತು. ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲಗಳು ಗದ್ದೆಯಾದವು, ಕಬ್ಬಿನ ತೋಟವಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಒಂದು ಜಿಲ್ಲೆಯೇ ಆಯಿತು. ಈ ಕಥೆ ನಮಗೆಲ್ಲ ಗೊತ್ತು. ಶಾಲೆಯ ಪಾಠದಲ್ಲಿ ಓದಿದ್ದೇವೆ, ಕೃಷ್ಣರಾಜ ಸಾಗರದ ಕಾರಂಜಿ ನೋಡಿ ಬರುವಾಗ ಮಕ್ಕಳಿಗೆ ಹೇಳಿದ್ದೇವೆ.

ಪಾಠದಲ್ಲಿ ಹೆಚ್ಚಾಗಿ ಬಾರದ ಒಂದು ಮಾತೆಂದರೆ ನಾಲೆಯ ಬೆನ್ನಿಗೇ ಬಂದ ಚಳಿಜ್ವರ. ನಾಲೆಯ ಬದಿಯ ಜೌಗು, ತೂಬಿನ ಕೆಳಗಿನ ಹೊಂಡ, ನಾಟಿಯಾದ ಹೊಸ ಗದ್ದೆಯ ತೆಳು ನೀರು, ಇವು ಮಲೇರಿಯಾ ಹರಡುವ ಸೊಳ್ಳೆಗೆ ತೊಟ್ಟಿಲು. ಒಣಸೀಮೆಯ ಜನಕ್ಕೆ ಈ ಪ್ರಮಾಣದಲ್ಲಿ ಅದು ಹೊಸದು. ಮನೆಮನೆಯಲ್ಲಿ ಕಂಬಳಿ ಹೊದ್ದು ನಡುಗುವವರು. ಕೊಯ್ಲಿನ ಕಾಲಕ್ಕೆ ಕುಡುಗೋಲು ಹಿಡಿಯಲು ಕೈಯಿಲ್ಲದ ಸ್ಥಿತಿ. ಮೈಸೂರು ಸರ್ಕಾರ ಆ ಮೊದಲೇ, 1920ರ ದಶಕದ ಕೊನೆಯಲ್ಲಿ, ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಕುರಿತ ಶೋಧನೆಗೆ ಕೈಹಾಕಿತ್ತು. ಆ ಕಾಲದಲ್ಲಿ ಗೊತ್ತಿದ್ದ ಉಪಾಯಗಳು ಕೆಲವೇ: ನಿಂತ ನೀರನ್ನು ಬಸಿಯುವುದು, ಸೊಳ್ಳೆಮರಿ ತಿನ್ನುವ ಮೀನು ಬಿಡುವುದು, ಹಸಿರು ಪುಡಿ ಎರಚುವುದು, ರೋಗಿಗೆ ಕ್ವಿನೀನು. ಡಿ.ಡಿ.ಟಿ. ಬಂದದ್ದು ಎರಡನೆಯ ಮಹಾಯುದ್ಧದ ತರುವಾಯ.

ಈ ಜ್ವರಕ್ಕೆ ಔಷಧ ಹಂಚಿದ್ದು ದಯೆಯೆ? ನನಗೆ ಹಾಗೆ ತೋರುವುದಿಲ್ಲ. ನೀರು ತಂದವರೇ ಸೊಳ್ಳೆಯನ್ನೂ ತಂದರು. ಬೇಕೆಂದು ತರಲಿಲ್ಲ, ನಿಜ. ಲೋಕೋಪಕಾರಕ್ಕೆಂದೇ ಕಟ್ಟಿದ ಕಟ್ಟೆ ಅದು. ಆದರೆ ಒಳ್ಳೆಯ ಉದ್ದೇಶ ಸಾಲವನ್ನು ತೀರಿಸುವುದಿಲ್ಲ. ಅದರಲ್ಲೂ ಲಾಭನಷ್ಟಗಳು ಹೇಗೆ ಹಂಚಿಹೋದವೆಂದು ನೋಡಬೇಕು. ನಾಲೆಯ ಪಾತಳಿಯಲ್ಲಿ ನಾಲ್ಕು ಎಕರೆ ಇದ್ದ ಗೌಡನಿಗೆ ಜ್ವರದ ಜೊತೆಗೆ ಭತ್ತವೂ ಕಬ್ಬೂ ಬಂತು. ಬೆಂಗಳೂರು ಮೈಸೂರುಗಳಲ್ಲಿ ಕಾಫಿಗೆ ಸಕ್ಕರೆ ಹಾಕಿಕೊಂಡವರಿಗೆ ಜ್ವರವಿಲ್ಲದೆ ಸಕ್ಕರೆ ಬಂತು. ಒಂದು ಗುಂಟೆಯೂ ಇಲ್ಲದೆ ಪರರ ಗದ್ದೆಯಲ್ಲಿ ಬಾಗಿ ನಾಟಿ ಹಾಕಿದ ಕೂಲಿಹೆಣ್ಣಿಗೆ? ಅವಳಿಗೂ ಕೂಲಿಯ ದಿನಗಳು ಹೆಚ್ಚಿರಬಹುದು. ಆದರೆ ಜ್ವರ ಬಂದ ದಿನ ಕೂಲಿ ಇಲ್ಲ. ಅವಳ ಪಾಲಿಗೆ ಬಂದ ನೀರು ಕಾಲಡಿಯಲ್ಲಿ ನಿಂತ ನೀರು ಮಾತ್ರ. ಮಳವಳ್ಳಿ ತಾಲ್ಲೂಕಿನ ಅಂಚಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಪಕ್ಕದ ಹಳ್ಳಿಯನ್ನು ದಾಟಿ ತೊಂಬತ್ತು ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗೆ ಮೊದಲು ಹೋಯಿತಲ್ಲ, ಅದೂ ಇದೇ ಬಗೆಯ ಹಂಚಿಕೆ. ಇಂಥ ಕಡೆ ಒಂದು ಆಸ್ಪತ್ರೆ ತೆರೆದು ಬಾಗಿಲ ಮೇಲೆ ‘ಧರ್ಮಾಸ್ಪತ್ರೆ’ ಎಂದು ಬರೆಯುವುದೆಂದರೆ ಸಾಲಗಾರನು ಬಡ್ಡಿ ಕೊಡುವಾಗ ಭಿಕ್ಷೆಯೆಂದು ಹೇಳಿ ಕೊಟ್ಟಂತೆ.

ಹೈಟಿಯಲ್ಲಿಯೂ ಸರಿಸುಮಾರು ಇದೇ ಆಯಿತು. ಭೂಕಂಪವಾಗಿ ಒಂಬತ್ತು ತಿಂಗಳಿಗೆ, 2010ರ ಅಕ್ಟೋಬರಿನಲ್ಲಿ, ಸುಮಾರು ನೂರು ವರ್ಷಗಳಿಂದ ಆ ನಾಡು ಕಾಣದಿದ್ದ ಕಾಲರಾ ಕಾಣಿಸಿಕೊಂಡಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವೊಂದರ ಹೊಲಸು ನೀರು ಹೊಳೆಗೆ ಸೇರಿ, ಅದನ್ನು ಕುಡಿದ ಊರುಗಳಿಗೆ ರೋಗ ಹಬ್ಬಿತು. ಎಂಟು ಲಕ್ಷ ಜನ ಕಾಯಿಲೆ ಬಿದ್ದರು, ಸುಮಾರು ಹತ್ತು ಸಾವಿರ ಜನ ಸತ್ತರು. ಕಾಯಲು ಬಂದವರಿಂದಲೇ ಇದಾಯಿತು. ನೊಂದವರು ಅಮೆರಿಕದ ನ್ಯಾಯಾಲಯಕ್ಕೆ ಹೋದರು. ವಿಶ್ವಸಂಸ್ಥೆಯ ಮೇಲೆ ದಾವೆ ನಡೆಯದು ಎಂಬ ತೀರ್ಪು ಬಂತು. 2016ರ ಡಿಸೆಂಬರಿನಲ್ಲಿ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಕ್ಷಮೆ ಕೋರಿದರು. ಅವರ ಮಾತನ್ನು ಗಮನಿಸಬೇಕು. ರೋಗವನ್ನು ನಾವು ತಂದೆವು ಎಂದು ಹೇಳಲಿಲ್ಲ. ರೋಗ ಬಂದಾಗ ಮಾಡಬೇಕಾದಷ್ಟು ಮಾಡಲಿಲ್ಲ ಎಂದರು. ಹೊಣೆ ನೈತಿಕವಾದದ್ದು ಎಂದು ಒಪ್ಪಿ, 40 ಕೋಟಿ ಡಾಲರಿನ ಯೋಜನೆಯೊಂದಕ್ಕೆ ರಾಷ್ಟ್ರಗಳಿಂದ ಸ್ವಇಚ್ಛೆಯ ಕಾಣಿಕೆ ಕೇಳಿದರು. ಬಂದದ್ದು ಅದರ ಅಲ್ಪಭಾಗ. ಋಣವನ್ನು ಒಪ್ಪಿಕೊಂಡು ತೀರಿಸಲು ಹುಂಡಿ ಇಟ್ಟರೆ ಹೀಗಲ್ಲದೆ ಇನ್ನೇನಾದೀತು?

ಇದೇ ಹೈಟಿ 1825ರಲ್ಲಿ ಫ್ರಾನ್ಸಿಗೆ ‘ಪರಿಹಾರ’ ಕೊಡಲು ಒಪ್ಪಬೇಕಾಯಿತು ಎಂಬುದನ್ನು ವಾಚಕರು ಕೇಳಿರಬಹುದು. ಗುಲಾಮರು ದಂಗೆಯೆದ್ದು ಸ್ವತಂತ್ರರಾದುದರಿಂದ ಧಣಿಗಳಿಗಾದ ನಷ್ಟಕ್ಕಾಗಿ 15 ಕೋಟಿ ಫ್ರಾಂಕು! ಅನಂತರ ಅದು 9 ಕೋಟಿಗೆ ಇಳಿಯಿತು. ಅದಕ್ಕಾಗಿ ಮಾಡಿದ ಸಾಲಗಳ ಕಂತು ತೀರಿದ್ದು 1947ರ ಹೊತ್ತಿಗೆ. ಬಲಿಷ್ಠನಿಗೆ ಸಲ್ಲಬೇಕಾದದ್ದು ಋಣವಾಗುತ್ತದೆ, ಬಡವನಿಗೆ ಸಲ್ಲಬೇಕಾದದ್ದು ಕಾಣಿಕೆಯಾಗುತ್ತದೆ.

ಒಂದು ಆಕ್ಷೇಪ ಇಲ್ಲಿ ಏಳುತ್ತದೆ, ಅದು ಸಣ್ಣದಲ್ಲ. ನಾಲೆಯನ್ನು ಮನುಷ್ಯ ತೋಡಿದ, ಸರಿ. ಭೂಕಂಪವನ್ನು ಯಾರೂ ಮಾಡಲಿಲ್ಲ. ಮಾಡಿದವನಿಲ್ಲದ ಕೆಡುಕಿಗೆ ಸಾಲಗಾರ ಯಾರು? ಇದಕ್ಕೆ ಅರ್ಧ ಉತ್ತರವನ್ನು ಚಿಲಿ ದೇಶ ಕೊಡುತ್ತದೆ. ಹೈಟಿಯ ಕಂಪದ ಪ್ರಮಾಣ 7.0. ಅದಾದ ಆರು ವಾರಗಳಲ್ಲಿ, ಫೆಬ್ರವರಿ 27ರಂದು, ಚಿಲಿಯಲ್ಲಿ ಆದದ್ದು 8.8, ನೂರಾರು ಪಾಲು ಹೆಚ್ಚು ಶಕ್ತಿಯದು. ಅಲ್ಲಿ ಸತ್ತವರು ಐನೂರರ ಆಸುಪಾಸು. ಎರಡು ಕಂಪಗಳ ಆಳ ಬೇರೆ, ನಗರದಿಂದ ಇದ್ದ ದೂರ ಬೇರೆ ಎಂಬುದನ್ನು ಕಳೆದರೂ ಉಳಿಯುವ ವ್ಯತ್ಯಾಸ ದೊಡ್ಡದು. ಅದು ಕಬ್ಬಿಣ, ಸಿಮೆಂಟು ಮತ್ತು ಕಾನೂನಿನ ವ್ಯತ್ಯಾಸ. ನಮ್ಮ ನೆರೆಯ ಲಾತೂರು ಸೀಮೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ದಪ್ಪ ಕಲ್ಲಿನ ಗೋಡೆಗಳು ಬಿದ್ದವು. ಬೀದರ, ಕಲಬುರಗಿಯವರೂ ಆ ನಡುಕವನ್ನು ಬಲ್ಲರು. ಮಣ್ಣಿನಲ್ಲಿ ಕೂಡಿಸಿದ ಭಾರಿ ಕಲ್ಲು ಕಂಪಕ್ಕೆ ನಿಲ್ಲದು ಎಂಬುದು ತಿಳಿಯದ ಸಂಗತಿಯಾಗಿರಲಿಲ್ಲ. ತಿಳಿದವರು ಊರಿಗೆ ಬಂದು ಹೇಳಿರಲಿಲ್ಲ, ಅಷ್ಟೆ.

ಉಳಿದರ್ಧ ಉತ್ತರಕ್ಕೆ ನಮ್ಮ ಹಿರಿಯರ ಕಡೆ ತಿರುಗುತ್ತೇನೆ. ದೇವಋಣ, ಋಷಿಋಣ, ಪಿತೃಋಣ ಎಂದು ಅವರು ಎಣಿಸಿದಾಗ, ಅವುಗಳಲ್ಲಿ ಒಂದನ್ನೂ ನಾವು ಪತ್ರ ಬರೆದುಕೊಟ್ಟು ಪಡೆದಿರಲಿಲ್ಲ. ಹುಟ್ಟಿದ ಮಾತ್ರಕ್ಕೆ ಸಾಲಗಾರರು. ಶಾಸ್ತ್ರವನ್ನು ನಂಬದ ನನ್ನಂಥವನಿಗೂ ಈ ವಿಚಾರದಲ್ಲಿ ಒಂದು ಸತ್ಯ ಕಾಣುತ್ತದೆ: ತಪ್ಪು ಮಾಡಿದವನು ಮಾತ್ರ ಋಣಿ ಎಂಬುದು ಪೊಲೀಸು ಠಾಣೆಯ ಲೆಕ್ಕ. ಒಂದೇ ನಾಲೆಯ ನೀರು ಕುಡಿದವರ ನಡುವೆ, ಒಂದೇ ಬೊಕ್ಕಸಕ್ಕೆ ಕಂದಾಯ ಕಟ್ಟುವವರ ನಡುವೆ, ತಪ್ಪಿಲ್ಲದೆಯೂ ಋಣವಿರುತ್ತದೆ. ದೇಶದೇಶಗಳ ನಡುವೆ ಇದು ಎಷ್ಟು ದೂರ ನಡೆಯುತ್ತದೆಂಬುದನ್ನು ನಾನು ಖಚಿತವಾಗಿ ಹೇಳಲಾರೆ. ಆದರೆ ಒಂದೇ ದೇಶದೊಳಗೆ ಇದು ನಡೆಯದಿದ್ದರೆ ದೇಶವೆಂಬ ಮಾತಿಗೆ ಅರ್ಥವೇ ಇಲ್ಲ.

ಋಣವೆಂದು ಕರೆದರೆ ಕರುಣೆ ಆರಿಹೋಗಿ ಬರಿಯ ಗುಮಾಸ್ತೆಗಿರಿ ಉಳಿಯುವುದಿಲ್ಲವೆ ಎಂದು ಮಿತ್ರರೊಬ್ಬರು ಕೇಳಿದರು. ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿಗಾಗಿ ನಿಂತವರಿಗೆ ಈ ಭಯ ಅರ್ಥವಾಗುತ್ತದೆ. ಕರುಣೆ ಬೇಡವೆಂದು ನಾನು ಹೇಳುವುದಿಲ್ಲ. 2001ರ ಜನವರಿ 26ರ ಗುಜರಾತಿನ ಭೂಕಂಪದ ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿಗೆ ಹೋಗಿ, ದುಃಖದಲ್ಲಿ ಮುಳುಗಿದವರ ಮಾತನ್ನು ಹೇಗೆ ಕೇಳಬೇಕು, ಹೇಗೆ ಜೊತೆಗಿರಬೇಕು ಎಂದು ಆ ಊರುಗಳ ಕಾರ್ಯಕರ್ತರಿಗೇ ಕಲಿಸಿದರು. ಕರುಣೆಯೂ ಇತ್ತು, ತಾವು ಹೊರಟ ಮೇಲೆ ಏನು ಉಳಿಯಬೇಕೆಂಬ ಎಚ್ಚರವೂ ಇತ್ತು. ಅದೇ ಭುಜ್‌ನಲ್ಲಿ ಕುಸಿದ ಜಿಲ್ಲಾ ಆಸ್ಪತ್ರೆಯ ಸ್ಥಾನದಲ್ಲಿ, ಕಂಪವನ್ನು ತಾಳುವಂತೆ ಸೀಸ ಮತ್ತು ರಬ್ಬರಿನ ದಿಂಬುಗಳ ಮೇಲೆ ಕೂರಿಸಿದ ಹೊಸ ಆಸ್ಪತ್ರೆ ಪ್ರಧಾನಮಂತ್ರಿಗಳ ಪರಿಹಾರ ನಿಧಿಯಿಂದ ಮೂರೇ ವರ್ಷದಲ್ಲಿ ಎದ್ದಿತು. ಶ್ಲಾಘ್ಯವಾದ ಕೆಲಸ. ಕಟ್ಟಡಕ್ಕೆ ನಾವು ಮನಸ್ಸು ಬಿಚ್ಚಿ ಕೊಡುತ್ತೇವೆ. ಕಟ್ಟಡದ ಮೇಲೆ ಕಲ್ಲು ನೆಡಬಹುದು, ಹೆಸರು ಕೆತ್ತಿಸಬಹುದು. ದಾದಿಯ ತಿಂಗಳ ಸಂಬಳದ ಮೇಲೆ ಹೆಸರು ಕೆತ್ತಿಸುವುದು ಹೇಗೆ?

ಮಂಡ್ಯದ ಜ್ವರದ ಮುಂದಿನ ಕಥೆಯೂ ಇದನ್ನೇ ತೋರಿಸುತ್ತದೆ. ದೇಶವೆಲ್ಲ ಸೇರಿ 1953ರಲ್ಲಿ ಮಲೇರಿಯಾ ನಿಯಂತ್ರಣಕ್ಕೂ 1958ರಲ್ಲಿ ನಿರ್ಮೂಲನಕ್ಕೂ ಹೊರಟಿತು. 1965ರ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ರೋಗಿಗಳು. ಗೆದ್ದೆವೆಂದು ಉಬ್ಬಿದ ಉತ್ಸಾಹ ಅನಂತರ ಇಳಿಯಿತು, ಸೊಳ್ಳೆ ಡಿ.ಡಿ.ಟಿ.ಗೆ ಬಗ್ಗದಾಯಿತು; ಮನೆಮನೆಗೆ ಹೋಗಿ ರಕ್ತದ ಲೇಪ ತೆಗೆಯುವ ನಿತ್ಯದ ಕೆಲಸಕ್ಕೆ ಹಳ್ಳಿಯಲ್ಲಿ ಗಟ್ಟಿಯಾದ ವ್ಯವಸ್ಥೆ ನಿಂತಿರಲಿಲ್ಲ. 1976ರಲ್ಲಿ ಅದೇ ಸಂಖ್ಯೆ 64 ಲಕ್ಷ. ಈ ಸಲ ಕುಸಿದದ್ದಕ್ಕೆ ಸದ್ದಾಗಲಿಲ್ಲ. ಯಾರೂ ಚಂದಾ ಎತ್ತಲಿಲ್ಲ.

ಮನೆಮನೆಗೆ ಹೋಗುವ ಆ ಕೆಲಸ ಈಗ ಬಹುಮಟ್ಟಿಗೆ ಆಶಾ ಕಾರ್ಯಕರ್ತೆಯರ ಪಾಲಿಗೆ ಬಂದಿದೆ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹುಟ್ಟಿದ ಹುದ್ದೆ ಅದು. ಹುದ್ದೆ ಎಂದೆ, ಕಾಗದಪತ್ರಗಳ ಪ್ರಕಾರ ಹುದ್ದೆಯಲ್ಲ, ಸ್ವಯಂಸೇವೆ. ಮದ್ದೂರು ಮಳವಳ್ಳಿಯ ಹಳ್ಳಿಗಳಲ್ಲಿ ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಅವರು. ಕೋವಿಡ್ ಕಾಲದಲ್ಲಿ ರಾಜ್ಯದ ಎಲ್ಲೆಡೆ ಜನ ಬಾಗಿಲು ಹಾಕಿಕೊಂಡಿದ್ದಾಗ ಬಾಗಿಲು ತಟ್ಟಿದವರೂ ಅವರೇ. 2025ರ ಜನವರಿಯಲ್ಲಿ ಈ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಕಳೆದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಹಿಂದಿರುಗಿದರು. ಪತ್ರಿಕೆಗಳು ಆ ಹಣವನ್ನು ಸರ್ಕಾರದ ಕಡತದ ಮಾತಿನಲ್ಲೇ ಬರೆದವು: ‘ಗೌರವಧನ’, ‘ಪ್ರೋತ್ಸಾಹಧನ’. ಸಂಬಳವೆಂಬ ಮಾತನ್ನು ನಾನು ಹುಡುಕಿದೆ; ಧರಣಿ ಕುಳಿತವರ ಬೇಡಿಕೆಗಳಲ್ಲಿ ಬಿಟ್ಟರೆ ಬೇರೆಲ್ಲಿಯೂ ಸಿಕ್ಕಲಿಲ್ಲ.