ಅರಗು

ವಿರೂಪಾಕ್ಷಿಪುರದ ನಮ್ಮ ದೊಡ್ಡಮ್ಮನ ನಡುಮನೆಯಲ್ಲಿ ಒಂದು ಕರಿಯ ದುಂಡು ಸ್ವಿಚ್ಚಿದೆ. ಬೇಕಲೈಟಿನದು. ಮರದ ಹಲಗೆಯ ಮೇಲೆ ಕೂತಿರುವ ಅದನ್ನು ಒತ್ತಿದರೆ ಈಗಲೂ ಟಕ್ಕೆಂದು ಗಟ್ಟಿ ಸದ್ದು. ಮನೆಗೆ ಎರಡು ಸಲ ಹೊಸ ವೈರಿಂಗ್ ಆಯಿತು, ಬಲ್ಬು ಹೋಗಿ ಟ್ಯೂಬ್‌ಲೈಟು, ಟ್ಯೂಬ್‌ಲೈಟು ಹೋಗಿ ಎಲ್‌ಇಡಿ ಬಂತು. ಅದನ್ನು ಮಾತ್ರ ಯಾರೂ ಕಿತ್ತಿಲ್ಲ.

ಅದೇ ಮನೆಯ ಅಟ್ಟದ ಟ್ರಂಕಿನಲ್ಲಿ ಒಂದು ಗಿಲಕಿಯಿತ್ತು. ಚನ್ನಪಟ್ಟಣದ್ದು, ಆಲೆ ಮರದ್ದು, ಕೆಂಪು ಹಳದಿ ಪಟ್ಟೆಯದು. ಹಿಡಿಯ ತುದಿಯಲ್ಲಿ ಬಣ್ಣ ಹೋಗಿ ಬಿಳಿ ಮರ ಕಾಣುತ್ತದೆ. ಅಲ್ಲಿ ಸಣ್ಣ ಸಣ್ಣ ತಗ್ಗು. ನಮ್ಮಮ್ಮನ ಹಾಲುಹಲ್ಲು, ಆಮೇಲೆ ಅಣ್ಣನದು, ನನ್ನದು. ಯಾವುದು ಯಾರದೆಂದು ಈಗ ಹೇಳುವಂತಿಲ್ಲ. ಕಳೆದ ಯುಗಾದಿಗೆ ಹೋದಾಗ ದೊಡ್ಡಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಕೈಗಿಟ್ಟಳು. "ಅರಗೆಲ್ಲ ಹೋಗ್ಬುಟ್ಟದೆ ಮಗ. ಪೇಟೇಲಿ ಹಾಕುಸ್ಕಂಡು ಬಾ, ಮೊಮ್ಮಗೀಗೆ ಆಯ್ತದೆ."

ಗೋಡೆಯ ಮೇಲಿನ ಸ್ವಿಚ್ಚಿಗೂ ಅಟ್ಟದ ಗಿಲಕಿಗೂ ನಂಟಿದೆಯೆಂದು ನನಗೆ ಆ ದಿನ ಹೊಳೆದಿರಲಿಲ್ಲ. ನಂಟು ಅರಗಿನದು.

ಅರಗು ಒಂದು ಹುಳುವಿನ ಕೆಲಸ. ಮುತ್ತುಗ, ಬೋರೆಯಂಥ ಮರಗಳ ಎಳೆ ಕೊಂಬೆಗೆ ಕಚ್ಚಿಕೊಂಡು, ರಸ ಹೀರಿ, ಮೈಯಿಂದ ಅಂಟು ಸುರಿಸಿ, ಆ ಅಂಟಿನ ಗೂಡಿನೊಳಗೇ ತಾಯಿಹುಳು ಸಾಯುತ್ತದೆ. ಒಂದು ಕಿಲೋ ಅರಗಿಗೆ ಲಕ್ಷಗಟ್ಟಲೆ ಹುಳು ಬೇಕು. ದುರ್ಯೋಧನ ಪಾಂಡವರಿಗೆ ಕಟ್ಟಿಸಿದ್ದು ಇದರ ಮನೆ. ಅಕ್ಕಸಾಲಿ ಟೊಳ್ಳು ಗುಂಡಿನೊಳಗೆ ತುಂಬುವುದು, ಅಂಚೆಯವರು ಪಾರ್ಸೆಲ್ಲಿನ ದಾರದ ಗಂಟಿನ ಮೇಲೆ ಮುದ್ರೆಯೊತ್ತುತ್ತಿದ್ದುದು ಇದನ್ನೇ. ಕನ್ನಡದಲ್ಲಿ ಅರಗು ಎಂದರೆ ಪದಾರ್ಥವೂ ಹೌದು, ಕ್ರಿಯೆಯೂ ಹೌದು. ತಿಂದ ಮುದ್ದೆ ಅರಗುತ್ತದೆ. ಕೇಳಬಾರದ ಸುದ್ದಿಯನ್ನು ಅರಗಿಸಿಕೊಳ್ಳಲು ವರ್ಷಗಳೇ ಬೇಕಾಗುತ್ತವೆ. ಎರಡೂ ಪದಗಳ ಬೇರು ಒಂದೇ ಹೌದೋ ಅಲ್ಲವೋ, ನನ್ನ ಕಿವಿಗಂತೂ ಅವು ಒಡಹುಟ್ಟಿದವು.

ಇನ್ನು ಸ್ವಿಚ್ಚಿನ ಕತೆ. ಆಧುನಿಕ ಜಗತ್ತು ನಮ್ಮ ಸೀಮೆಗೆ ಬಂದದ್ದು ರೈಲಿನ ಜತೆ. ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಹಳಿ ಮುಟ್ಟಿದ್ದು 1881ರಲ್ಲಿ. ಆ ಹಳಿಯ ಕೆಲಸ ಶುರುವಾದದ್ದು ಅದಕ್ಕೂ ಮುಂಚಿನ ದೊಡ್ಡ ಬರಗಾಲದಲ್ಲಿ, ಹಸಿದವರ ಕೈಯಿಂದ. ಇಪ್ಪತ್ತು ವರ್ಷದ ಮೇಲೆ ಇದೇ ಹಳಿಯ ಮೇಲೆ ಕರೆಂಟು ಹುಟ್ಟಿಸುವ ಅಮೆರಿಕ, ಸ್ವಿಟ್ಜರ್ಲೆಂಡಿನ ಯಂತ್ರಗಳು ಮದ್ದೂರಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಗಳಲ್ಲಿ ಶಿವನಸಮುದ್ರ ಸೇರಿದವು. 1902ರ ಜೂನ್ 30ರಂದು ಕಾವೇರಿಯ ಕರೆಂಟು ಕನಕಪುರದ ಕಡೆಯಿಂದ ಹಾದು, 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು. ಅಷ್ಟು ದೂರದ ತಂತಿ ಆಗ ಜಗತ್ತಿನಲ್ಲೇ ಅಪರೂಪ. ಅದನ್ನು ಕನಸಿದ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ತಂತಿಯ ಕೆಳಗಿನ ಹಳ್ಳಿಗಳಲ್ಲಿ ಹರಳೆಣ್ಣೆ ದೀಪ ಇನ್ನೂ ದಶಕಗಟ್ಟಲೆ ಉರಿಯಿತು. ಯಾವ ಗಣಿಗಾಗಿ ಆ ತಂತಿ ಎಳೆದರೋ ಆ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನದ ನೆಪದಲ್ಲಿ ಬಂದ ಬೆಳಕು ಮಾತ್ರ ಉಳಿಯಿತು.

ಕರೆಂಟಿಗೂ ಅರಗು ಬೇಕಿತ್ತು. ಆ ಕಾಲದಲ್ಲಿ ಮೋಟಾರಿನ ತಾಮ್ರದ ಸುತ್ತುಗಳು ಒಂದಕ್ಕೊಂದು ತಾಗಿ ಸುಡದಂತೆ ಅರಗಿನ ವಾರ್ನಿಷ್ ಬಳಿಯುತ್ತಿದ್ದರು. ಲೋಕದ ತುಂಬ ಕರೆಂಟು ಹರಡಿದ ಹಾಗೆ ಅರಗಿಗೆ ಬೇಡಿಕೆ ಏರಿತು. ಹುಳು ಎಷ್ಟೆಂದು ಸುರಿಸೀತು? ಲಿಯೋ ಬೇಕಲಂಡ್ ಎಂಬ ಬೆಲ್ಜಿಯಂ ಮೂಲದ ರಸಾಯನಶಾಸ್ತ್ರಜ್ಞ ನ್ಯೂಯಾರ್ಕಿನ ಪಕ್ಕದ ಯಾಂಕರ್ಸ್‌ನ ತನ್ನ ಮನೆಯಲ್ಲಿ ಹುಳುವಿಲ್ಲದ ಅರಗನ್ನು ಹುಡುಕುತ್ತಾ ಕೂತ. ಫೀನಾಲ್ ಮತ್ತು ಫಾರ್ಮಾಲ್ಡಿಹೈಡನ್ನು ಬಿಸಿಯಲ್ಲಿ, ಒತ್ತಡದಲ್ಲಿ ಬೆರೆಸಿ 1907ರಲ್ಲಿ ಅವನು ಪಡೆದದ್ದು ಬೇಕಲೈಟ್. ಪೂರ್ತಿ ಮನುಷ್ಯನೇ ಮಾಡಿದ ಮೊದಲ ಪ್ಲಾಸ್ಟಿಕ್. ನಮ್ಮ ದೊಡ್ಡಮ್ಮನ ಗೋಡೆಯ ಮೇಲಿರುವುದು ಅದರ ಸಂತಾನ.

ಅವನು ಹುಡುಕಿದ್ದು ಅರಗನ್ನು, ಸಿಕ್ಕಿದ್ದು ಅರಗದ್ದು. ಅರಗನ್ನು ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ, ಆರಿದರೆ ಮತ್ತೆ ಗಟ್ಟಿ. ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮತ್ತೆ ಕಾಯಿಸಿದರೆ ಸುಟ್ಟು ಕರಿಕಾದೀತೇ ಹೊರತು ಕರಗದು. ಅದರ ಹೆಚ್ಚುಗಾರಿಕೆಯೂ ಅದೇ. ಕರಗದಿರುವುದನ್ನು ನಾವು ಗೆಲುವೆಂದು ಎಣಿಸಿದೆವು. ಆಮೇಲೆ ಬಂದ ಪ್ಲಾಸ್ಟಿಕ್ಕುಗಳಲ್ಲಿ ಹೆಚ್ಚಿನವು ಬೆಂಕಿಗೆ ಕರಗುತ್ತವೆ ನಿಜ. ಮಣ್ಣಿಗೆ ಅರಗುವುದಿಲ್ಲ.

ಅರಗು ಬಿಟ್ಟುಕೊಟ್ಟ ಜಾಗ ಇದೊಂದೇ ಅಲ್ಲ. ಹಿಂದೆ ಗ್ರಾಮಫೋನ್ ತಟ್ಟೆಗಳನ್ನೂ ಅರಗು ಬೆರೆಸಿಯೇ ಮಾಡುತ್ತಿದ್ದರು. ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದ ಹಾಡು. ಸಾವಿರಾರು ವರ್ಷ ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಹೋಗುತ್ತಿದ್ದ ದನಿ ಹುಳುವಿನ ಅಂಟಿನ ಮೇಲೆ ನಿಂತಿತು. ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಕಂಠ ನಮಗೆ ಇಷ್ಟಾದರೂ ಉಳಿದದ್ದು ಅಂಥ ತಟ್ಟೆಗಳಿಂದ. ಕೈತಪ್ಪಿ ಬಿದ್ದರೆ ಹಪ್ಪಳದಂತೆ ಒಡೆಯುತ್ತಿದ್ದವು. 1948ರಲ್ಲಿ ವಿನೈಲಿನ ಎಲ್‌ಪಿ ಬಂತು, ಅರಗಿನ ತಟ್ಟೆ ಹಿಂದೆ ಸರಿಯಿತು. ವಿನೈಲನ್ನು ಕ್ಯಾಸೆಟ್ಟು, ಕ್ಯಾಸೆಟ್ಟನ್ನು ಸಿಡಿ, ಸಿಡಿಯನ್ನು ಈಗಿನ ಮೊಬೈಲು ನುಂಗಿದೆ. ಇದನ್ನು ಸಾವೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಒಂದು ಯಂತ್ರ ಇನ್ನೊಂದರೊಳಗೆ ಅರಗಿಹೋಗುತ್ತದೆ, ಅಷ್ಟೇ. ಹಾಡು ಸೇರಬೇಕಾದವರನ್ನು ಸೇರುತ್ತದೆ. ಹೋದದ್ದಕ್ಕೆ ಅಳಬಾರದೆಂದಲ್ಲ. ಆ ತಟ್ಟೆಯ ಮೇಲೆ ಮುಳ್ಳು ಇಳಿಯುವಾಗಿನ ಕೊರಕೊರ ಕೇಳಿ ಬೆಳೆದವರಿಗೆ ಅದು ಸಣ್ಣ ನಷ್ಟವಲ್ಲ.

ನನ್ನನ್ನು ಹೆದರಿಸುವುದು ಅರಗದೆ ಉಳಿಯುವಂಥದು. ದೊಡ್ಡಮ್ಮನ ಹಿತ್ತಲ ತಿಪ್ಪೆಯಲ್ಲಿ ಸಗಣಿ, ರೇಷ್ಮೆಹುಳದ ಹಿಕ್ಕೆ, ತಿಂದುಳಿದ ಹಿಪ್ಪುನೇರಳೆ ಕಡ್ಡಿ ಎಲ್ಲ ಒಂದು ಮಳೆಗಾಲಕ್ಕೆ ಗೊಬ್ಬರವಾಗುತ್ತವೆ. ಅದರ ನಡುವೆ ಮುರಿದ ಪ್ಲಾಸ್ಟಿಕ್ ಲಾರಿಯೊಂದು, ಒಂದು ಚಕ್ರವಿಲ್ಲದ್ದು, ನಾಲ್ಕು ವರ್ಷದಿಂದ ಅದೇ ನೀಲಿ ಬಣ್ಣದಲ್ಲಿ ಕೂತಿದೆ. ಆಡಿದ ಮಗು ಬೆಳೆದು ಶಾಲೆಗೆ ಹೋಗುತ್ತಿದೆ. ಬದಲಾಗುವುದೇ ತಿಳಿಯದ ವಸ್ತುವಿನ ಎದುರು ನಿಂತಾಗ, ಅನಿತ್ಯವನ್ನು ಶಾಪವೆಂದು ಯಾಕೆ ಬಗೆದೆವೋ ಅನ್ನಿಸುತ್ತದೆ. ಅರಗುವ ಗುಣ ಇಲ್ಲದಿದ್ದರೆ ತಿಪ್ಪೆ ಗೊಬ್ಬರವಾಗದು, ದುಃಖ ನೆನಪಾಗದು.

ಹಾಗೆಂದು ಪ್ಲಾಸ್ಟಿಕ್ಕನ್ನು ಹಳಿದು ಕೈತೊಳೆದುಕೊಳ್ಳುವುದು ಸರಿಯಲ್ಲ. ದೊಡ್ಡಮ್ಮನ ತೋಟಕ್ಕೆ ಹನಿ ನೀರು ಉಣಿಸುವ ಪೈಪು ಅದೇ, ಹಣ್ಣಾದ ರೇಷ್ಮೆಹುಳ ಗೂಡು ಕಟ್ಟುವ ಚಂದ್ರಿಕೆಯೂ ಈಗ ಬಿದಿರಿನದಲ್ಲ. ಮಂಡಿನೋವಿನ ಅವಳಿಗೆ ಬಿದಿರಿನ ಚಂದ್ರಿಕೆ ಹೊರಲಾಗದು.

ಗಿಲಕಿ ಹಿಡಿದು ಚನ್ನಪಟ್ಟಣಕ್ಕೆ ಹೋದೆ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಊರಿನ ಹೊರಗೆ ಹಾದುಹೋದ ಮೇಲೆ, ಹಳೆಯ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಮೈಸೂರಿನ ಕಾರುಗಳು ಮೊದಲಿನಂತೆ ನಿಲ್ಲುವುದಿಲ್ಲ. ಒಳಗಿನ ಬೀದಿಯೊಂದರ ಮನೆಯಲ್ಲಿ ಲೇತ್ ಸದ್ದು ಕೇಳಿ ಒಳಹೊಕ್ಕೆ. ಹಿಂದೆ ಬಿಲ್ಲಿನ ಹಗ್ಗ ಎಳೆದು ತಿರುಗಿಸುತ್ತಿದ್ದರಂತೆ, ಈಗ ಕರೆಂಟಿನದು. ಕುಶಲಕರ್ಮಿ ಅರಿಶಿನ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಿದ್ದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪಿತು. ಮೇಲೆ ತಾಳೆಗರಿ ಒತ್ತಿದಾಗ ಹೊಳಪು ಎದ್ದಿತು.

ನನ್ನ ಗಿಲಕಿಯನ್ನು ಬೆಳಕಿಗೆ ಹಿಡಿದು ನೋಡಿದರು. ಹಳೆಯ ಬಣ್ಣ ಕೆರೆಯಬೇಕಾ ಎಂದು ಕೇಳಿದೆ.

"ಕೆರೆಯೋದ್ಯಾಕೆ ಸಾರ್. ಹೊಸ ಅರಗು ಮುಟ್ತಿದ್ದಂಗೆ ಹಳೇದೂ ಕರಗ್ತದೆ. ಎರಡೂ ಸೇರ್ಕತವೆ. ಆಮೇಲೆ ಯಾವ್ದು ಯಾವ್ದು ಅಂತ ನಾನೂ ಹೇಳಕ್ಕಾಗಲ್ಲ."

ಗಿಲಕಿಯನ್ನು ಲೇತಿಗೆ ಸಿಕ್ಕಿಸಿ ಸ್ವಿಚ್ ಒತ್ತಿದರು. ಕೆಂಪು ಹಳದಿ ಪಟ್ಟೆಗಳು ತಿರುಗಿ ಒಂದೇ ಬಣ್ಣವಾದವು. ಉಳಿ ಕೈಗೆತ್ತಿಕೊಂಡವರು ಹಿಡಿಯ ತುದಿಯ ಹತ್ತಿರ ತಂದು ತಡೆದರು.

"ಈ ಹಲ್ಲಿನ ಗುರುತು ತೆಗೆದು ನುಣ್ಣಗೆ ಮಾಡ್ಲಾ ಸಾರ್, ಇಲ್ಲ ಹಂಗೇ ಬುಡ್ಲಾ?"

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವರು ಉಳಿ ಹಿಡಿದು ಕಾಯುತ್ತಾ ಕೂತರು. ಲೇತ್ ತಿರುಗುತ್ತಿತ್ತು.